ಪರಮಾಣುವಿನ ಸಾಕ್ಷ್ಯ

ರಾತ್ರಿಯ ರೈಲಿನಲ್ಲಿ ಕಣ್ಣು ಮುಚ್ಚಿ ಮಲಗಿರುವಾಗಲೂ ಗಾಡಿ ಹೊರಟಿತು, ತಿರುಗಿತು, ನಿಂತಿತು ಎಂಬುದು ನನ್ನ ಮೈಗೆ ತಿಳಿಯುತ್ತದೆ. ಆದರೆ ಈಗ ಯಾವ ಊರು ಬಂತೆಂದು ಕೇಳಿದರೆ ಆ ತಿಳಿವು ಸಾಲದು.

ಕಡಲಾಳದ ಜಲಾಂತರ್ಗಾಮಿಯ ಪಾಡೂ ಇದೇ. ಉಪಗ್ರಹದ ಸಂಕೇತಗಳು ಅಲ್ಲಿಗೆ ಇಳಿಯವು. ಕ್ಷಣಕ್ಷಣದ ವೇಗೋತ್ಕರ್ಷವನ್ನು ಅಳೆದು, ಅದರಿಂದ ವೇಗವನ್ನೂ, ವೇಗದಿಂದ ಕ್ರಮಿಸಿದ ದೂರವನ್ನೂ ಕೂಡಿಸುತ್ತ ಹೋಗಬೇಕು. ಮಾಪಕವು ಭೂಗುರುತ್ವದ ಲಕ್ಷದಲ್ಲೊಂದು ಪಾಲಿನಷ್ಟು ಒಂದೇ ಸಮನೆ ತಪ್ಪಿದರೂ, ತಿದ್ದುವವರಿಲ್ಲದಿದ್ದರೆ, ಸರಳ ಲೆಕ್ಕದಲ್ಲಿ ಗಂಟೆಯೊಳಗೆ ನೆಲೆ 600 ಮೀಟರಿಗೂ ಮಿಗಿಲಾಗಿ ತಪ್ಪುತ್ತದೆ. ಯಂತ್ರದ ಬಿಡಿಭಾಗಗಳಾದರೋ ಶಾಖಕ್ಕೆ ಹಿಗ್ಗುತ್ತವೆ, ಕಾಲಕ್ಕೆ ಸವೆಯುತ್ತವೆ.

ಮುಪ್ಪಿಲ್ಲದ ಮಾಪಕವೊಂದುಂಟೆ? ಉಂಟು, ಅದು ಪರಮಾಣು. ದ್ರವ್ಯಕಣಕ್ಕೂ ಅಲೆಯ ಸ್ವಭಾವವಿದೆಯೆಂದು ಲೂಯಿ ಡಿ ಬ್ರಾಗ್ಲಿ 1924ರ ತಮ್ಮ ಪ್ರಬಂಧದಲ್ಲಿ ವಾದಿಸಿದ್ದರು. ಆ ಅಲೆಯನ್ನು ಲೇಸರ್ ಮಿಂಚುಗಳಿಂದ ಸೀಳಿ, ಮತ್ತೆ ಕೂಡಿಸಿ, ವೇಗೋತ್ಕರ್ಷವನ್ನು ಅಳೆಯಬಹುದೆಂದು 1991ರಲ್ಲಿ ಸ್ಟ್ಯಾನ್‌ಫರ್ಡಿನ ಮಾರ್ಕ್ ಕ್ಯಾಸೆವಿಚ್ ಮತ್ತು ಸ್ಟೀವನ್ ಚೂ ತೋರಿಸಿದರು. ಇದೇ ಪರಮಾಣು ವ್ಯತಿಕರಣಮಾಪಕ.

ಗಾಳಿ ತೆಗೆದ ಪೆಟ್ಟಿಗೆಯಲ್ಲಿ ರುಬಿಡಿಯಂ ಪರಮಾಣುಗಳನ್ನು ಲೇಸರಿನಿಂದಲೇ ತಣಿಸಿ, ಹಿಡಿತ ಬಿಡುತ್ತಾರೆ. ಅವು ಬೀಳುತ್ತಿರುವಾಗ ಮೂರು ಬಾರಿ ಲೇಸರ್ ಮಿನುಗುತ್ತದೆ: ಮೊದಲನೆಯದು ಅಲೆಯನ್ನು ಎರಡು ದಾರಿಗೆ ಕವಲೊಡೆಸುತ್ತದೆ, ಎರಡನೆಯದು ದಾರಿಗಳನ್ನು ಪರಸ್ಪರ ತಿರುಗಿಸುತ್ತದೆ, ಮೂರನೆಯದು ಕೂಡಿಸುತ್ತದೆ. ಪರಮಾಣುವಿಗೆ ವಾಹನದ ಹಂಗಿಲ್ಲ. ಲೇಸರನ್ನು ಹಿಂದಿರುಗಿಸುವ ಕನ್ನಡಿ ಮಾತ್ರ ವಾಹನದೊಡನೆ ಚಲಿಸುತ್ತದೆ. ಆ ವ್ಯತ್ಯಾಸವೇ ಅಲೆಗಳ ಕೂಡಿಕೆಯಲ್ಲಿ ಮೂಡುತ್ತದೆ. ಇಲ್ಲಿ ಅಳತೆಗೋಲು ಬೆಳಕಿನ ಅಲೆಯುದ್ದ, ಅದು ಸವೆಯುವುದಿಲ್ಲ.

ಇಷ್ಟು ನಂಬಿಕಸ್ಥ ಸಾಕ್ಷಿಗೂ ಒಂದು ಕೊರತೆಯುಂಟು. ನಿಮಿಷದ ಮುಳ್ಳೊಂದೇ ಇರುವ ಗಡಿಯಾರವನ್ನು ನೆನೆಯಿರಿ. ಅದು ನಿಮಿಷವನ್ನು ತಪ್ಪದೆ ಹೇಳುತ್ತದೆ, ಗಂಟೆ ಎಷ್ಟೆಂದು ಹೇಳದು. ಕುಲುಕಾಡುವ ವಾಹನದಲ್ಲಿ ವ್ಯತಿಕರಣದ ಪಟ್ಟೆಗಳು ಹಲವು ಸುತ್ತು ಜರುಗಿಬಿಡುತ್ತವೆ. ಎಷ್ಟು ಸುತ್ತು ಎಂಬುದು ಪರಮಾಣುವಿನಿಂದ ತಿಳಿಯದು. ಮೇಲಾಗಿ ಹೊಸ ಪರಮಾಣುಗಳನ್ನು ತಣಿಸುವಷ್ಟು ಹೊತ್ತು ಸಾಕ್ಷಿ ಮೌನಿ.

ಆದ್ದರಿಂದ ಹಳೆಯ ಯಂತ್ರಮಾಪಕವನ್ನೇ ಜೊತೆಗಿಟ್ಟರು. ಅದು ಎಡೆಬಿಡದೆ ಸ್ಥೂಲವಾಗಿ ನುಡಿದು ಸುತ್ತಿನ ಲೆಕ್ಕವಿಡುತ್ತದೆ. ಪರಮಾಣು ಆಗಾಗ ನುಡಿದು ಅದರ ತಪ್ಪನ್ನು ತಿದ್ದುತ್ತದೆ. 2011ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಹಾರುವ ವಿಮಾನದ ಅದುರಾಟದ ನಡುವೆಯೂ ಈ ಜೋಡಿ ಕೆಲಸ ಮಾಡಿತೆಂದು ವರದಿ ಮಾಡಿದರು. 2018ರಲ್ಲಿ ಪ್ರಕಟವಾದ ಇನ್ನೊಂದು ಫ್ರೆಂಚ್ ಪ್ರಯೋಗ, ಹಡಗಿನ ಮೇಲೆ ಗುರುತ್ವವನ್ನು ಅದರ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಸೂಕ್ಷ್ಮವಾಗಿ ಅಳೆಯಿತು.

ಹೊಸದು ಬಂದಾಗ ಹಳೆಯದನ್ನು ಮೂಲೆಗೆ ತಳ್ಳುವುದು ನಮ್ಮ ರೂಢಿ. ಇಲ್ಲಿ ಹಾಗಾಗಲಿಲ್ಲ. ಒಂದರ ಮೌನವನ್ನು ಇನ್ನೊಂದು ತುಂಬಿದಾಗಲೇ, ಕಿಟಕಿಯಿಲ್ಲದ ಪಯಣಿಗನಿಗೆ ತನ್ನ ನೆಲೆ ತಿಳಿದೀತು.