ಅಂಟದ ಬಾಣಲೆ ಅಪಾಯಕರವೆ?

ಕಬ್ಬಿಣದ ಕಾವಲಿ ಹಳೆಯದಾದಷ್ಟೂ ಪಳಗುವುದೆಂಬುದು ನಮ್ಮ ಅಡುಗೆಮನೆಗಳ ಅನುಭವ. ಎಣ್ಣೆ ಕುಡಿದು ಕಪ್ಪಾದ ಕಾವಲಿಯಿಂದ ದೋಸೆ ಸಲೀಸಾಗಿ ಏಳುವುದು. ಹೊಸ ಕಾವಲಿಗಾದರೋ ಅರ್ಧ ಈರುಳ್ಳಿಯನ್ನು ಉಜ್ಜಿ ಉಜ್ಜಿ ಉಪಚಾರ ಮಾಡಬೇಕು. ಇಷ್ಟು ತಾಳ್ಮೆಯನ್ನು ಬೇಡದ ಪಾತ್ರೆಗಳು ಈಗ ಅನೇಕ ಮನೆಗಳಿಗೆ ಬಂದಿವೆ. ಅವುಗಳ ಒಳಮೈಯ ನುಣುಪಾದ ಲೇಪವು ಸಾಮಾನ್ಯವಾಗಿ ಪಾಲಿಟೆಟ್ರಾಫ್ಲೋರೊಎಥಿಲೀನ್ ಎಂಬ ಕೃತಕ ಪಾಲಿಮರ್. ‘ಟೆಫ್ಲಾನ್’ ಎಂಬುದು ಅದರ ಪ್ರಸಿದ್ಧ ವ್ಯಾಪಾರನಾಮ.

ಈ ಲೇಪ ಕಿತ್ತು ಹೊಟ್ಟೆಗೆ ಹೋದರೆ ವಿಷವೆಂದು ಕೆಲವರು ಅಂಜುವರು. ತೀಕ್ಷ್ಣವಾದ ಆಮ್ಲಗಳಿಗೇ ಜಗ್ಗದ ವಸ್ತುವಿನಿಂದ ನಮಗೇನು ಕೇಡು ಎಂದು ಇನ್ನು ಕೆಲವರು ಕೇಳುವರು. ಎರಡು ಮಾತಿನಲ್ಲಿಯೂ ಪೂರ್ಣ ಸತ್ಯವಿಲ್ಲ. ಪ್ರಶ್ನೆಯನ್ನು ಮೂರಾಗಿ ಬಿಡಿಸಿಕೊಂಡರೆ ಉತ್ತರ ತಿಳಿಯಾಗುವುದು. ಈ ವಸ್ತು ತಾನೇ ಎಂಥದು? ಮಿತಿಮೀರಿ ಕಾಯಿಸಿದರೆ ಅದಕ್ಕೆ ಏನಾಗುವುದು? ಅದನ್ನು ತಯಾರಿಸಲು ಬಳಸಿದ ಪದಾರ್ಥಗಳು ಎಲ್ಲಿ ಹೋಗುವುವು?

ಖಾಲಿಯಾಗದ ಸಿಲಿಂಡರು

1938ನೆಯ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಡ್ಯುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ, ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನಶಾಸ್ತ್ರಜ್ಞ ಟೆಟ್ರಾಫ್ಲೋರೊಎಥಿಲೀನ್ ಅನಿಲವಿದ್ದ ಸಿಲಿಂಡರಿನ ತಿರುಪನ್ನು ತೆರೆದನು. ಅವನು ಹುಡುಕುತ್ತಿದ್ದುದು ಶೀತಕಯಂತ್ರಗಳಿಗೆ ಯೋಗ್ಯವಾದ ಹೊಸ ಅನಿಲವನ್ನು. ಆದರೆ ಸಿಲಿಂಡರಿನಿಂದ ಅನಿಲ ಹೊರಬರಲಿಲ್ಲ. ತೂಗಿ ನೋಡಿದರೆ ತೂಕ ಮಾತ್ರ ಕಡಿಮೆಯಾಗಿರಲಿಲ್ಲ! ಸಿಲಿಂಡರನ್ನು ಕೊಯ್ದು ನೋಡಿದಾಗ ಮೇಣದಂತೆ ಜಾರುವ ಬಿಳಿಯ ಪುಡಿ ಕಂಡಿತು. ಅನಿಲದ ಅಣುಗಳು ತಾವಾಗಿಯೇ ಒಂದಕ್ಕೊಂದು ಕೊಂಡಿಹಾಕಿಕೊಂಡು ಉದ್ದವಾದ ಸರಪಣಿಗಳಾಗಿದ್ದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಣುಬಾಂಬಿನ ಯೋಜನೆಯಲ್ಲಿ, ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ ಉಗ್ರ ಅನಿಲವನ್ನು ತಡೆದುಕೊಳ್ಳಲು ಈ ವಸ್ತು ಬಳಕೆಗೆ ಬಂದಿತು. ಅಡುಗೆಯ ಪಾತ್ರೆಗೆ ಇದನ್ನು ತಂದವನು ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಎಂಬ ಎಂಜಿನಿಯರು. ಅವನ ಟೆಫಾಲ್ ಕಂಪನಿ 1956ರಲ್ಲಿ ಆರಂಭವಾಯಿತು.

ಜಡತ್ವದ ಗುಟ್ಟು

ಈ ಸರಪಣಿಯಲ್ಲಿ ಪ್ರತಿಯೊಂದು ಇಂಗಾಲದ ಪರಮಾಣುವಿಗೂ ಎರಡು ಫ್ಲೋರೀನ್ ಪರಮಾಣುಗಳು ಅಂಟಿಕೊಂಡಿವೆ. ಇಂಗಾಲಕ್ಕೂ ಫ್ಲೋರೀನಿಗೂ ನಡುವಣ ಬಂಧವನ್ನು ಮುರಿಯಲು ಒಂದು ಮೋಲಿಗೆ ಸುಮಾರು 485 ಕಿಲೋಜೂಲ್ ಶಕ್ತಿ ಬೇಕು. ಇಂಗಾಲ-ಜಲಜನಕ ಬಂಧಕ್ಕೆ ಸುಮಾರು 410 ಸಾಕು. ಇಂಗಾಲದ ಬೆನ್ನೆಲುಬಿಗೆ ಫ್ಲೋರೀನ್ ಪರಮಾಣುಗಳು ಕವಚ ತೊಡಿಸಿದಂತಿವೆ. ಫ್ಲೋರೀನ್ ತನ್ನ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬೇರೆ ಅಣುಗಳನ್ನು ಈ ಕವಚವು ಆಕರ್ಷಿಸುವುದು ಅತ್ಯಲ್ಪ. ಹಿಟ್ಟು ಅಂಟದಿರುವುದಕ್ಕೆ ಇದೇ ಕಾರಣ. ಹಾಗಾದರೆ ಲೇಪವು ಪಾತ್ರೆಗೆ ಹೇಗೆ ಅಂಟಿತು ಎಂದು ವಾಚಕರು ಕೇಳಬಹುದು. ಲೋಹದ ಮೈಯನ್ನು ಮೊದಲು ತರಕಲಾಗಿ ಮಾಡಿ, ಆ ಸೂಕ್ಷ್ಮ ಕುಳಿಗಳಲ್ಲಿ ಲೇಪವು ಕಚ್ಚಿಕೊಳ್ಳುವಂತೆ ಮಾಡುವರು.

ಲೇಪದ ಚಕ್ಕೆಯೊಂದು ಊಟದೊಡನೆ ಹೊಟ್ಟೆ ಸೇರಿತೆನ್ನೋಣ. ಜಠರದ ಆಮ್ಲವಾಗಲಿ ಜೀರ್ಣರಸಗಳಾಗಲಿ ಅದನ್ನು ಕರಗಿಸಲಾರವು. ಸಾವಿರಾರು ಕೊಂಡಿಗಳ ಆ ಸರಪಣಿಗಳು ಕರುಳಿನ ಗೋಡೆಯನ್ನು ದಾಟಿ ರಕ್ತಕ್ಕೆ ಸೇರುವಂಥವಲ್ಲ. ಚಕ್ಕೆಯು ಬಂದಂತೆಯೇ ಹೊರಟುಹೋಗುವುದು. ಇದೇ ವಸ್ತುವಿನಿಂದ ಮಾಡಿದ ಕೃತಕ ರಕ್ತನಾಳಗಳನ್ನು ಶಸ್ತ್ರವೈದ್ಯರು ರೋಗಿಗಳ ದೇಹದಲ್ಲಿ ಜೋಡಿಸುವರೆಂಬುದನ್ನು ನೆನೆದರೆ ಮೊದಲನೆಯ ಭಯ ಬಹುಮಟ್ಟಿಗೆ ಕಳೆಯುವುದು.

ಬಿಸಿಯ ಮಿತಿ

ಕವಚ ಗಟ್ಟಿಯಾಗಿದ್ದರೂ ಬೆನ್ನೆಲುಬು ಅಷ್ಟು ಗಟ್ಟಿಯಲ್ಲ. ಇಂಗಾಲ-ಇಂಗಾಲ ಬಂಧಕ್ಕೆ ಬೇಕಾದ ಶಕ್ತಿ ಸುಮಾರು 350 ಕಿಲೋಜೂಲ್ ಮಾತ್ರ. ಆದುದರಿಂದ ಉಷ್ಣತೆ ಏರಿದಾಗ ಸರಪಣಿ ಮೊದಲು ಅಲ್ಲಿಯೇ ತುಂಡಾಗುವುದು. ಈ ಪಾತ್ರೆಗಳನ್ನು ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಬಾರದೆಂಬುದು ರೂಢಿಯಲ್ಲಿರುವ ಎಚ್ಚರಿಕೆ. 350 ಡಿಗ್ರಿಯನ್ನು ಮೀರಿದರೆ ಲೇಪದ ವಿಘಟನೆ ಗಮನಾರ್ಹವಾಗಿ, ವಿಷಕಾರಿ ಅನಿಲಗಳೂ ಅತಿ ಸೂಕ್ಷ್ಮ ಕಣಗಳೂ ಹೊರಬೀಳುವುವು.

ಅಡುಗೆಯಲ್ಲಿ ಇಷ್ಟು ಬಿಸಿ ಬರುವುದೆ? ಸಾರು ಕುದಿಯುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಬೋಂಡ ಕರಿಯುವ ಎಣ್ಣೆಯ ಉಷ್ಣತೆ ಸಾಮಾನ್ಯವಾಗಿ 160ರಿಂದ 190. ಪದಾರ್ಥದಲ್ಲಿ ನೀರಿನ ಪಸೆ ಇರುವವರೆಗೆ ಅದು ಆವಿಯಾಗುತ್ತ ಉಷ್ಣವನ್ನು ಹೀರಿಕೊಳ್ಳುವುದು. ಖಾಲಿ ಪಾತ್ರೆಗೆ ಈ ಕಡಿವಾಣವಿಲ್ಲ. ಉರಿಯುವ ಒಲೆಯ ಮೇಲೆ ಅದನ್ನು ಮರೆತರೆ ಕೆಲವೇ ನಿಮಿಷಗಳಲ್ಲಿ 300 ಡಿಗ್ರಿಯನ್ನು ದಾಟಬಹುದು.

ಇಂಥ ಹೊಗೆ ಸೇವಿಸಿದವರಿಗೆ ಕೆಲವು ಗಂಟೆಗಳ ತರುವಾಯ ಚಳಿ, ಜ್ವರ, ಎದೆಬಿಗಿತ ಕಾಣಿಸಿಕೊಂಡು, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುವುದು. ‘ಪಾಲಿಮರ್ ಹೊಗೆಯ ಜ್ವರ’ವೆಂಬ ಈ ವ್ಯಾಧಿಯನ್ನು ವೈದ್ಯಸಾಹಿತ್ಯವು 1951ರಲ್ಲಿಯೇ ವರ್ಣಿಸಿದೆ. ಕಾರ್ಖಾನೆಯ ಕೆಲಸಗಾರರ ಬೆರಳಿನ ಪುಡಿ ಸಿಗರೇಟಿಗೆ ಅಂಟಿ, ಅದರ ಕೆಂಡದಲ್ಲಿ ಬೆಂದು ಜ್ವರ ಬಂದ ಉದಾಹರಣೆಗಳುಂಟು. ಪಂಜರದ ಹಕ್ಕಿಗಳಿಗಂತೂ ಈ ಹೊಗೆ ಮಾರಕ. ಅವುಗಳ ಶ್ವಾಸಾಂಗವು ಗಾಳಿಯನ್ನು ನಮ್ಮದಕ್ಕಿಂತ ಹೆಚ್ಚು ದಕ್ಷತೆಯಿಂದ ಬಳಸುವುದರಿಂದ ವಿಷವೂ ಬೇಗ ಒಳಸೇರುವುದು.

ತಯಾರಿಕೆಯ ನೆರಳು

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಗಂಭೀರವಾದುದು. ಈ ಪಾಲಿಮರನ್ನು ನೀರಿನಲ್ಲಿ ತಯಾರಿಸುವಾಗ, ಸಾಬೂನಿನಂತೆ ಕೆಲಸಮಾಡುವ ಸಹಾಯಕ ವಸ್ತು ಬೇಕಾಗುವುದು. ಬಹುಕಾಲ ಇದಕ್ಕಾಗಿ ಬಳಸಿದುದು ಎಂಟು ಇಂಗಾಲಗಳ ಪರ್‌ಫ್ಲೋರೊಆಕ್ಟನೋಯಿಕ್ ಆಮ್ಲ, ಸಂಕ್ಷೇಪವಾಗಿ ಪಿಎಫ್‌ಒಎ. ಇದರಲ್ಲಿಯೂ ಬಲಿಷ್ಠವಾದ ಇಂಗಾಲ-ಫ್ಲೋರೀನ್ ಬಂಧಗಳಿವೆ. ಆದರೆ ಇದು ಚಿಕ್ಕ ಅಣು. ನೀರಿನಲ್ಲಿ ಕರಗುವುದು, ಕರುಳಿನಿಂದ ರಕ್ತಕ್ಕೆ ಸೇರುವುದು. ಪಾಲಿಮರನ್ನು ನಿರುಪದ್ರವಿಯಾಗಿ ಮಾಡಿದ ಬಂಧದ ಬಲವೇ ಇಲ್ಲಿ ಕೇಡಿಗೆ ಕಾರಣ. ದೇಹವಾಗಲಿ ಮಣ್ಣಿನ ಸೂಕ್ಷ್ಮಜೀವಿಗಳಾಗಲಿ ಇದನ್ನು ಒಡೆಯಲಾರವು. ಮಾನವನ ರಕ್ತದಲ್ಲಿ ಇದರ ಅರ್ಧಾಯುಷ್ಯ ಎರಡರಿಂದ ನಾಲ್ಕು ವರ್ಷ. ಮೂರು ವರ್ಷವೆಂದು ಹಿಡಿದರೆ, ಹೊಸದಾಗಿ ಏನೂ ಸೇರದಿದ್ದರೂ ಒಂಬತ್ತು ವರ್ಷಗಳ ಮೇಲೆ ಎಂಟರಲ್ಲೊಂದು ಪಾಲು ಉಳಿದೇ ಇರುವುದು.

ಅಮೆರಿಕದ ವೆಸ್ಟ್ ವರ್ಜೀನಿಯದಲ್ಲಿ, ಪಾರ್ಕರ್ಸ್‌ಬರ್ಗಿನ ಸಮೀಪದ ಡ್ಯುಪಾಂಟ್ ಕಾರ್ಖಾನೆಯಿಂದ ಈ ಆಮ್ಲವು ಓಹಿಯೊ ನದಿಯ ಕಣಿವೆಯ ಕುಡಿಯುವ ನೀರಿಗೆ ಸೇರಿತು. ನ್ಯಾಯಾಲಯದ ವ್ಯಾಜ್ಯದ ಫಲವಾಗಿ 2005–06ರಲ್ಲಿ ಸುಮಾರು 69,000 ಜನರ ರಕ್ತಪರೀಕ್ಷೆ ನಡೆಯಿತು. ವಿಜ್ಞಾನಿಗಳ ಮಂಡಲಿಯೊಂದು ವಿಚಾರಿಸಿ, ಮೂತ್ರಪಿಂಡದ ಮತ್ತು ವೃಷಣದ ಕ್ಯಾನ್ಸರ್, ಥೈರಾಯಿಡ್ ವ್ಯಾಧಿ, ಕರುಳಿನ ಹುಣ್ಣಿನ ಉರಿಯೂತ, ಅಧಿಕ ಕೊಲೆಸ್ಟರಾಲ್, ಗರ್ಭಿಣಿಯರ ರಕ್ತದೊತ್ತಡ ಈ ಆರಕ್ಕೂ ಪಿಎಫ್‌ಒಎಗೂ ಸಂಬಂಧವಿರುವುದು ಸಂಭವನೀಯವೆಂದು 2012ರ ಹೊತ್ತಿಗೆ ನಿರ್ಣಯಿಸಿತು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವು ಕೆಲವು ವಿನಾಯಿತಿಗಳೊಡನೆ ಇದನ್ನು ನಿಷೇಧದ ಪಟ್ಟಿಗೆ ಸೇರಿಸಿತು. 2023ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗದಲ್ಲಿಟ್ಟಿತು. ಈ ವರ್ಗೀಕರಣವು ಪ್ರಮಾಣಗಳ ಬಲವನ್ನು ಹೇಳುವುದೇ ಹೊರತು ಅಪಾಯದ ಪರಿಮಾಣವನ್ನಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಪಾತ್ರೆಗೆ ಲೇಪವನ್ನು ಹೆಚ್ಚು ಬಿಸಿಯಲ್ಲಿ ಬೇಯಿಸುವಾಗ ಈ ಆಮ್ಲದ ಬಹುಭಾಗ ಹೊರಟುಹೋಗುವುದು. ಆದುದರಿಂದ ಇದರ ಭಾರವನ್ನು ಹೊತ್ತವರು ಬಾಣಲೆಯಲ್ಲಿ ಬೇಯಿಸಿದವರಿಗಿಂತ ಹೆಚ್ಚಾಗಿ ಕಾರ್ಖಾನೆಯ ಕೆಲಸಗಾರರು ಮತ್ತು ನೆರೆಯ ನೀರನ್ನು ಕುಡಿದವರು. ಇದರ ಬದಲಿಗೆ ಬಂದಿರುವ ಹೊಸ ಫ್ಲೋರೀನ್ ಸಂಯುಕ್ತಗಳನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸುವುದು ಅವಶ್ಯಕ.

ಗೃಹಕೃತ್ಯಕ್ಕೆ ಬೇಕಾದ ಎಚ್ಚರ ಸರಳವಾದುದು. ಅಂಟದ ಪಾತ್ರೆಯನ್ನು ಖಾಲಿಯಾಗಿ ಕಾಯಿಸಬಾರದು. ಉರಿ ಮಧ್ಯಮವಾಗಿರಲಿ, ಕಿಟಕಿ ತೆರೆದಿರಲಿ, ಸೌಟು ಮರದ್ದಾಗಿರಲಿ. ಗಿಳಿಯ ಪಂಜರ ಅಡುಗೆಮನೆಯಲ್ಲಿ ಬೇಡ. ವಸ್ತುವೊಂದು ಸುರಕ್ಷಿತವೆ ಎಂದು ಕೇಳುವಾಗ, ನಮ್ಮ ಕೈಯಲ್ಲಿರುವಾಗ ಮಾತ್ರವಲ್ಲದೆ, ಹುಟ್ಟಿದ ಕಡೆಯಲ್ಲಿಯೂ ಅದು ಸುರಕ್ಷಿತವಾಗಿತ್ತೆ ಎಂದು ಕೇಳುವುದು ವಿಜ್ಞಾನವನ್ನು ಓದುವವರ ಕರ್ತವ್ಯ.