ಸವಕಳಿ ಲೆಕ್ಕಕ್ಕೆ ಸಿಗದ ಉಕ್ಕು

ಯಂತ್ರದ ಬೆಲೆಯನ್ನು ಅದರ ಉಪಯುಕ್ತ ಆಯುಷ್ಯದ ವರ್ಷಗಳಿಗೆ ಹಂಚಿ ಸವಕಳಿ ತೋರಿಸುವುದು ಲೆಕ್ಕಶಾಸ್ತ್ರದ ನಿಯಮ. ಆಯುಷ್ಯವೇ ತಿಳಿಯದಿದ್ದರೆ ಮಾಡುವುದೇನು? ಪರಮಾಣು ಸಮ್ಮಿಲನದಿಂದ ವಿದ್ಯುತ್ ಪಡೆಯಲು ಹೊರಟವರ ಮುಂದಿರುವ ಪ್ರಶ್ನೆಗಳಲ್ಲಿ ಇದೂ ಒಂದಾಗಿದೆ.

ಡ್ಯೂಟೀರಿಯಂ ಮತ್ತು ಟ್ರಿಟಿಯಂಗಳು ಬೆಸೆದಾಗ ಸುಮಾರು 14 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್‌ಗಳು ಹೊಮ್ಮುತ್ತವೆ. ಇವು ರಿಯಾಕ್ಟರಿನ ಒಳಗೋಡೆಯ ಉಕ್ಕಿನ ಪರಮಾಣುಗಳನ್ನು ಸ್ಥಾನಪಲ್ಲಟಗೊಳಿಸುವುದಲ್ಲದೆ ಲೋಹದೊಳಗೇ ಹೀಲಿಯಂ ಅನಿಲವನ್ನು ಉಂಟುಮಾಡುತ್ತವೆ. ಕ್ರಮೇಣ ಉಕ್ಕು ಉಬ್ಬಿ, ಪೆಡಸಾಗುತ್ತದೆ. ಇಂದಿನ ವಿದಳನ ರಿಯಾಕ್ಟರುಗಳ ನ್ಯೂಟ್ರಾನ್‌ಗಳಿಗೆ ಸಾಮಾನ್ಯವಾಗಿ ಇಷ್ಟು ಶಕ್ತಿ ಇರುವುದಿಲ್ಲವಾದ್ದರಿಂದ, ಅಲ್ಲಿನ ಪರೀಕ್ಷೆ ಈ ಹಾನಿಯನ್ನು ಪೂರ್ಣವಾಗಿ ತೋರಿಸದು.

ಈ ಕೊರತೆ ನೀಗಲೆಂದೇ ಸ್ಪೇನಿನ ಗ್ರಾನಡಾ ಬಳಿ ‘ಡೋನ್ಸ್’ ಎಂಬ ಪರೀಕ್ಷಾ ಕೇಂದ್ರವನ್ನು ಕೈಗೊಳ್ಳಲಾಗಿದೆ. ಹರಿಯುವ ದ್ರವ ಲಿಥಿಯಂಗೆ ಡ್ಯೂಟೆರಾನ್ ಕಿರಣವನ್ನು ಹಾಯಿಸಿ, ಅದೇ ಬಗೆಯ ನ್ಯೂಟ್ರಾನ್‌ಗಳನ್ನು ಪಡೆದು, ಉಕ್ಕಿನ ಮಾದರಿಗಳನ್ನು ಒರೆಗೆ ಹಚ್ಚುವುದು ಇದರ ಉದ್ದೇಶ.

ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಪ್ರಾಯೋಗಿಕ ರಿಯಾಕ್ಟರ್ ‘ಇಟರ್’ ಯೋಜನೆಗೆ ಭಾರತವು 2005ರಲ್ಲಿ ಸೇರಿತು. ಸುಮಾರು 3,850 ಟನ್ ತೂಕದ ಅದರ ಹೊರಕವಚ ‘ಕ್ರಯೋಸ್ಟ್ಯಾಟ್’ ನಮ್ಮ ದೇಶದ ಕೊಡುಗೆ. ಅದೇ ಯೋಜನೆಯ ಬೇರೊಂದು ಭಾಗವಾದ ಉಷ್ಣತಡೆ ಕವಚದ ತಂಪು ಕೊಳವೆಗಳಲ್ಲಿ ಬಿರುಕುಗಳಿರುವುದು 2022ರಲ್ಲಿ ಪ್ರಕಟವಾಯಿತು. ಬೆಸುಗೆಯ ಬಳಿ ಉಳಿದಿದ್ದ ಕ್ಲೋರಿನ್ ಶೇಷವೇ ಅದಕ್ಕೆ ಕಾರಣ. ಅಲ್ಪ ಶೇಷದಿಂದ ಒದಗಿದ ದುರಸ್ತಿಯ ಹೊರೆ ಅಲ್ಪವಾಗಿರಲಿಲ್ಲ.

ಆದುದರಿಂದ ಪರೀಕ್ಷಾ ವೆಚ್ಚವನ್ನು ಕಡಿತಗೊಳಿಸುವ ಮುನ್ನ ನಮ್ಮ ಉದ್ಯಮಿ ಸದಸ್ಯರು ಯೋಚಿಸುವುದು ಒಳಿತು. ಆ ಖರ್ಚು ಲೆಕ್ಕಪುಸ್ತಕದಲ್ಲಿ ಒಂದೇ ಸಾಲು. ಅದನ್ನು ಉಳಿಸಿದ್ದರಿಂದಾಗುವ ನಷ್ಟಕ್ಕೆ ಪುಟಗಳೇ ಬೇಕಾದಾವು.