ತಾತನ ವಾಚಿಗೆ ಸೆಲ್ ಎಲ್ಲಿ?

ಪ್ರಶ್ನೆ: ಬೀರುವಿನಲ್ಲಿ ತಾತನ ಎಚ್‌ಎಂಟಿ ಜನತಾ ವಾಚ್ ಸಿಕ್ಕಿತು. ಸೆಲ್ ಹಾಕಿಸಲು ಹೋದರೆ, ಇದಕ್ಕೆ ಸೆಲ್ಲೇ ಇಲ್ಲ ಎಂದರು. ಮತ್ತೆ ಇದು ನಡೆಯುವುದು ಹೇಗೆ?
— ಓದುಗರು, ಗುಬ್ಬಿ

ಉತ್ತರ: ಕೀ ಕೊಟ್ಟರೆ ನಡೆಯುತ್ತದೆ. ಪಕ್ಕದ ತಿರುಪು ತಿರುಗಿಸಿದಾಗ ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುತ್ತಾ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಅತ್ತಿತ್ತ ಓಲಾಡುವ ಬ್ಯಾಲೆನ್ಸ್ ಚಕ್ರ ಆ ಓಟವನ್ನು ಸೆಕೆಂಡಿಗೆ 5 ಟಿಕ್‌ನಂತೆ ಹಿಡಿತದಲ್ಲಿಡುತ್ತದೆ. ಸವೆತ ತಡೆಯಲು 17 ಹರಳುಗಳಿವೆ.

ಎಣ್ಣೆ ಒಣಗಿರುತ್ತದೆ, ಮೊದಲು ಸರ್ವಿಸ್ ಮಾಡಿಸಿ. ಆಮೇಲೆ ದಿನವೂ ಬೆಳಿಗ್ಗೆ ಕೀ ಕೊಡಿ. ಬಿಗಿಯಾದ ಕೂಡಲೇ ನಿಲ್ಲಿಸಿ.

ತುಮಕೂರಿನಲ್ಲಿ 1978ರಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಈಗಿಲ್ಲ. ಕಂಪನಿಯ ವಾಚ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಜಾಗ ಇಸ್ರೊಗೆ ಹೋಯಿತು. ಹಾಗಾಗಿ ಇಂಥ ವಾಚನ್ನು ಗುಜರಿಗೆ ಹಾಕಬೇಡಿ, ಕಟ್ಟಿಕೊಂಡು ಓಡಾಡಿ.